ಎರಡು ಹನಿ ಪ್ರತಿಕಾಯದ ಸಾಕ್ಷ್ಯ

ರಕ್ತಕಣಗಳ ಹುಟ್ಟನ್ನು ಅಧ್ಯಯನ ಮಾಡುವ ಪ್ರಯೋಗಾಲಯಗಳ ಫ್ರೀಜರಿನಲ್ಲಿ ‘ಆ್ಯಂಟಿ ಗಾಟಾ-1’ ಎಂದು ಚೀಟಿ ಅಂಟಿಸಿದ ಪುಟ್ಟ ಪ್ಲಾಸ್ಟಿಕ್ ನಳಿಕೆಯೊಂದು ಸಾಮಾನ್ಯವಾಗಿ ಇರುತ್ತದೆ. ಒಳಗಿರುವುದು ನೂರು ಮೈಕ್ರೊಲೀಟರಿನಷ್ಟು ದ್ರವ, ಅಂದರೆ ಸುಮಾರು ಎರಡು ಹನಿ. ಬೆಲೆ ಮಾತ್ರ ಹತ್ತಾರು ಸಾವಿರ ರೂಪಾಯಿ. ಆ ದ್ರವದಲ್ಲಿರುವ ಪ್ರತಿಕಾಯಗಳಿಗೆ ಒಪ್ಪಿಸಿರುವ ಕೆಲಸ ಒಂದೇ: ಜೀವಕೋಶದೊಳಗಿನ ಸಾವಿರಾರು ಬಗೆಯ ಪ್ರೋಟೀನುಗಳ ನಡುವೆ ಗಾಟಾ-1 ಎಂಬ ಒಂದನ್ನು ಮಾತ್ರ ಹುಡುಕಿ ಹಿಡಿಯುವುದು. ಗುರುತು ಮೂಡಿದರೆ ಅಲ್ಲಿ ಗಾಟಾ-1 ಇದೆ, ಮೂಡದಿದ್ದರೆ ಇಲ್ಲ ಎಂದು ಸಂಶೋಧಕರು ಬರೆಯುತ್ತಾರೆ. ಆ ಬರಹದ ಮೇಲೆ ಮತ್ತೊಬ್ಬರು ಪ್ರಯೋಗ ಕಟ್ಟುತ್ತಾರೆ, ಕೆಲವೊಮ್ಮೆ ರೋಗಿಯ ಚಿಕಿತ್ಸೆಯ ತೀರ್ಮಾನವೂ ಅದನ್ನೇ ನೆಚ್ಚಿಕೊಂಡಿರುತ್ತದೆ. ಆದರೆ ಚೀಟಿಯ ಮೇಲಿರುವ ಹೆಸರು ಸಾಕ್ಷ್ಯವಲ್ಲ. ಅದು ತಯಾರಕರ ಒಂದು ಹೇಳಿಕೆ, ಅಷ್ಟೆ. ಗಾಟಾ-1 ಇಲ್ಲವೆಂದು ಖಚಿತವಾಗಿ ಗೊತ್ತಿರುವ ಕೋಶದಲ್ಲಿ ಆ ಪ್ರತಿಕಾಯ ಸುಮ್ಮನಿರುತ್ತದೆಯೇ ಎಂದು ನೋಡದೆ ಪ್ರಕಟಿಸುವ ಫಲಿತಾಂಶವನ್ನು ಅಪೂರ್ಣವೆಂದೇ ಪರಿಗಣಿಸಬೇಕು ಎಂಬುದು ನನ್ನ ವಾದ.

ಮೊದಲು ಗಾಟಾ-1 ಏನೆಂದು ನೋಡೋಣ. ನಮ್ಮ ಎಲ್ಲ ಕೋಶಗಳಲ್ಲೂ ಹೆಚ್ಚುಕಡಿಮೆ ಒಂದೇ ಡಿಎನ್‌ಎ ಇದ್ದರೂ ಒಂದು ಕೋಶ ಕೆಂಪು ರಕ್ತಕಣವಾಗುತ್ತದೆ, ಇನ್ನೊಂದು ನರಕೋಶವಾಗುತ್ತದೆ. ಯಾವ ಕೋಶದಲ್ಲಿ ಯಾವ ಜೀನು ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂಬುದನ್ನು ಡಿಎನ್‌ಎ ಮೇಲೆ ಕುಳಿತು ನಿರ್ಧರಿಸುವ ಪ್ರೋಟೀನುಗಳಿಗೆ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್ ಎನ್ನುತ್ತಾರೆ. 1980ರ ದಶಕದ ಕೊನೆಗೆ ಅಮೆರಿಕದಲ್ಲಿ ಗ್ಯಾರಿ ಫೆಲ್ಸೆನ್‌ಫೆಲ್ಡ್ ಮತ್ತು ಸ್ಟುವರ್ಟ್ ಆರ್ಕಿನ್ ಅವರ ತಂಡಗಳು ಹಿಮೋಗ್ಲೋಬಿನ್ ಜೀನುಗಳ ಬಳಿ ಕೂರುವ ಇಂಥದೊಂದು ಪ್ರೋಟೀನನ್ನು ಬೇರೆಬೇರೆಯಾಗಿ ಪತ್ತೆಹಚ್ಚಿದವು. ಡಿಎನ್‌ಎಯಲ್ಲಿ ಜಿ-ಎ-ಟಿ-ಎ ಎಂಬ ಅಕ್ಷರಗಳ ಸಾಲು ಕಂಡಲ್ಲಿ ಅದು ಅಂಟಿಕೊಳ್ಳುವುದರಿಂದ ಮುಂದೆ ಗಾಟಾ-1 ಎಂಬ ಹೆಸರು ನಿಂತಿತು. ಮನುಷ್ಯರಲ್ಲಿ ಇದರ ಜೀನು ಎಕ್ಸ್ ವರ್ಣತಂತುವಿನಲ್ಲಿದೆ. ಪ್ರೋಟೀನಿನ ಉದ್ದ 413 ಅಮೈನೊ ಆಮ್ಲ. ಕೆಂಪು ರಕ್ತಕಣಗಳು ಹಾಗೂ ಪ್ಲೇಟ್‌ಲೆಟ್‌ಗಳನ್ನು ಉದುರಿಸುವ ಮೆಗಾಕಾರಿಯೋಸೈಟ್ ಎಂಬ ದೊಡ್ಡ ಕೋಶಗಳು ಇದಿಲ್ಲದೆ ಸರಿಯಾಗಿ ಬಲಿಯುವುದಿಲ್ಲ. ಗಾಟಾ-1 ಕಿತ್ತುಹಾಕಿದ ಇಲಿಯ ಭ್ರೂಣ ಗರ್ಭದಲ್ಲೇ, ಹನ್ನೊಂದನೆಯ ದಿನದ ಆಸುಪಾಸಿನಲ್ಲಿ, ತೀವ್ರ ರಕ್ತಹೀನತೆಯಿಂದ ಸಾಯುತ್ತದೆ.

ಇಂಥ ಪ್ರೋಟೀನು ಕಣ್ಣಿಗೆ ಕಾಣುವುದಿಲ್ಲ. ಸಾಮಾನ್ಯ ಸೂಕ್ಷ್ಮದರ್ಶಕದ ಕೆಳಗಿಟ್ಟರೂ ಅದನ್ನು ಬೇರೆಯದರಿಂದ ಬಿಡಿಸಿ ನೋಡಲಾಗುವುದಿಲ್ಲ. ಹಾಗಾಗಿ ಪ್ರಾಣಿಗಳ ರೋಗನಿರೋಧಕ ಶಕ್ತಿಯ ಸಹಾಯ ಪಡೆಯುತ್ತಾರೆ. ಗಾಟಾ-1ರ ಒಂದು ತುಣುಕನ್ನು ಮೊಲಕ್ಕೋ ಮೇಕೆಗೋ ಚುಚ್ಚಿದರೆ ಅದರ ದೇಹ ಆ ತುಣುಕಿನ ವಿರುದ್ಧ ಪ್ರತಿಕಾಯ ತಯಾರಿಸುತ್ತದೆ. ರಕ್ತ ತೆಗೆದು ಬೇರ್ಪಡಿಸಿದರೆ ಸಿಗುವುದು ನಾನಾ ಬಗೆಯ ಪ್ರತಿಕಾಯಗಳ ಮಿಶ್ರಣ, ಅಂದರೆ ಪಾಲಿಕ್ಲೋನಲ್. 1975ರಲ್ಲಿ ಕೇಂಬ್ರಿಜ್‌ನ ಜಾರ್ಜ್ ಕೊಹ್ಲರ್ ಮತ್ತು ಸೀಸರ್ ಮಿಲ್‌ಸ್ಟೈನ್ ಪ್ರತಿಕಾಯ ತಯಾರಿಸುವ ಕೋಶವನ್ನು ಸಾವಿಲ್ಲದ ಕ್ಯಾನ್ಸರ್ ಕೋಶದೊಂದಿಗೆ ಬೆಸೆದು ಒಂದೇ ಬಗೆಯ ಪ್ರತಿಕಾಯ ಪಡೆಯುವ ದಾರಿ ತೋರಿಸಿದರು. ಮಾನೋಕ್ಲೋನಲ್ ಎಂದು ಹೆಸರಾದ ಈ ವಿಧಾನಕ್ಕೆ 1984ರಲ್ಲಿ ನೊಬೆಲ್ ಬಂತು. ಮೂರನೆಯ ಬಗೆ ಈಚಿನದು: ಪ್ರತಿಕಾಯದ ಜೀನಿನ ಅಕ್ಷರಸಾಲನ್ನೇ ಓದಿಟ್ಟುಕೊಂಡು, ಬೇಕೆಂದಾಗ ಸಾಕಿದ ಕೋಶಗಳಿಂದ ತಯಾರಿಸುವ ರಿಕಾಂಬಿನೆಂಟ್ ಪ್ರತಿಕಾಯ. ಗಾಟಾ-1ಕ್ಕೆ ಈ ಮೂರೂ ಬಗೆಯವು ಮಾರುಕಟ್ಟೆಗೆ ಬಂದಿವೆ. ಕೋಶಗಳನ್ನು ಕರಗಿಸಿ ಪ್ರೋಟೀನುಗಳನ್ನು ತೂಕದ ಪ್ರಕಾರ ಪಟ್ಟಿಪಟ್ಟಿಯಾಗಿ ಬೇರ್ಪಡಿಸುವ ವೆಸ್ಟರ್ನ್ ಬ್ಲಾಟ್, ಅಸ್ಥಿಮಜ್ಜೆಯ ತೆಳು ಚೂರಿಗೆ ಬಣ್ಣ ಹಚ್ಚುವ ವಿಧಾನ, ಗಾಟಾ-1 ಡಿಎನ್‌ಎ ಮೇಲೆ ಕುಳಿತಿರುವಾಗಲೇ ಹಿಡಿದೆಳೆದು ಅದು ಎಲ್ಲಿ ಕುಳಿತಿತ್ತೆಂದು ಓದುವ ಚಿಪ್ ವಿಧಾನ, ಈ ಎಲ್ಲದರಲ್ಲೂ ಪ್ರತಿಕಾಯವೇ ಆಧಾರ. ಒಂದು ವಿಧಾನದಲ್ಲಿ ಪ್ರೋಟೀನು ಮಡಿಕೆ ಬಿಚ್ಚಿ ಮಲಗಿರುತ್ತದೆ, ಇನ್ನೊಂದರಲ್ಲಿ ಫಾರ್ಮಲಿನ್ ತಗುಲಿ ಬಿಗಿದುಕೊಂಡಿರುತ್ತದೆ. ಆದ್ದರಿಂದ ಒಂದರಲ್ಲಿ ಪಾಸಾದ ಪ್ರತಿಕಾಯ ಮತ್ತೊಂದರಲ್ಲಿ ಫೇಲಾಗಬಹುದು.

ಪ್ರತಿಕಾಯ ಪ್ರೋಟೀನಿನ ಯಾವ ಭಾಗವನ್ನು ಹಿಡಿಯುತ್ತದೆ ಎಂಬುದು ಎಷ್ಟು ದೊಡ್ಡ ವಿಷಯ ಎಂದು ತಿಳಿಯಲು ಡೌನ್ ಸಿಂಡ್ರೋಮ್ ಇರುವ ಶಿಶುಗಳ ರಕ್ತಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಈ ಮಕ್ಕಳಲ್ಲಿ ಕೆಲವರು ಹುಟ್ಟುವಾಗಲೇ ರಕ್ತದಲ್ಲಿ ಬಲಿಯದ ಕೋಶಗಳ ಗುಂಪನ್ನು ಹೊತ್ತು ಬರುತ್ತಾರೆ. ಹೆಚ್ಚಿನವರಲ್ಲಿ ಅದು ಕೆಲವು ತಿಂಗಳಲ್ಲಿ ತಾನಾಗಿ ಮಾಯವಾದರೂ, ಒಂದಷ್ಟು ಮಕ್ಕಳಿಗೆ ನಾಲ್ಕು ವರ್ಷ ತುಂಬುವುದರೊಳಗೆ ನಿಜವಾದ ರಕ್ತಕ್ಯಾನ್ಸರ್ ಬರುತ್ತದೆ. ಜಾನ್ ಕ್ರಿಸ್ಪಿನೊ ಅವರ ತಂಡ 2002ರಲ್ಲಿ ಇದರ ಮೂಲವನ್ನು ತೋರಿಸಿತು: ಗಾಟಾ-1 ಜೀನಿನ ಆರಂಭದ ಭಾಗದಲ್ಲಿ ಆಗುವ ಬದಲಾವಣೆ. ಈ ಬದಲಾವಣೆಯಿಂದ ಕೋಶ ಪ್ರೋಟೀನನ್ನು ಮೊದಲಿನಿಂದ ಕಟ್ಟಲಾರದೆ 84ನೆಯ ಅಮೈನೊ ಆಮ್ಲದಿಂದ ಶುರುಮಾಡುತ್ತದೆ. ತಲೆಯ ಕಡೆಯ 83 ಅಮೈನೊ ಆಮ್ಲಗಳಿಲ್ಲದ ಈ ಮೊಟಕು ರೂಪಕ್ಕೆ ಗಾಟಾ-1ಎಸ್ ಎಂದು ಹೆಸರು. ಡಿಎನ್‌ಎ ಹಿಡಿಯುವ ಭಾಗ ಅದರಲ್ಲಿ ಹಾಗೇ ಉಳಿದಿರುತ್ತದೆ. ಜೀನುಗಳನ್ನು ಹದವಾಗಿ ನಡೆಸುವ ಶಕ್ತಿ ಮಾತ್ರ ಕುಂದಿರುತ್ತದೆ.

ಈಗ ಅಂಥ ಮಗುವಿನ ರಕ್ತದ ಮಾದರಿಯನ್ನು ಇಬ್ಬರು ಪರೀಕ್ಷಿಸುತ್ತಾರೆ ಎಂದುಕೊಳ್ಳಿ. ಒಬ್ಬರು ಬಹಳ ಕಾಲದಿಂದ ಬಳಕೆಯಲ್ಲಿರುವ ಎನ್6 ಎಂಬ ಮಾನೋಕ್ಲೋನಲ್ ತೆಗೆದುಕೊಳ್ಳುತ್ತಾರೆ. ಅದು ಹಿಡಿಯುವುದು ಪ್ರೋಟೀನಿನ ತಲೆಯ ಕಡೆಯನ್ನು. ಮೊಟಕು ರೂಪಕ್ಕೆ ಆ ತಲೆಯೇ ಇಲ್ಲವಾದ್ದರಿಂದ ಬ್ಲಾಟ್ ಖಾಲಿಯಾಗಿರುತ್ತದೆ, ‘ಗಾಟಾ-1 ಇಲ್ಲ’ ಎಂಬ ವರದಿ ಬರುತ್ತದೆ. ಇನ್ನೊಬ್ಬರು ಬಾಲದ ಕಡೆಯನ್ನು ಹಿಡಿಯುವ ಪ್ರತಿಕಾಯ ಬಳಸುತ್ತಾರೆ. ಪೂರ್ಣ ರೂಪಕ್ಕಿಂತ ಕೊಂಚ ಕೆಳಗೆ, 40 ಸಾವಿರ ಡಾಲ್ಟನ್ ತೂಕದ ಸುಮಾರಿನಲ್ಲಿ, ಗಟ್ಟಿ ಪಟ್ಟಿಯೊಂದು ಅವರಿಗೆ ಕಾಣುತ್ತದೆ. ‘ಗಾಟಾ-1 ಇದೆ’ ಎಂದು ಅವರು ಬರೆಯುತ್ತಾರೆ. ಎರಡೂ ನಳಿಕೆಯ ಮೇಲಿನ ಹೆಸರು ಒಂದೇ, ಮಾದರಿ ಒಂದೇ, ಇಬ್ಬರ ಕೈಕೆಲಸದಲ್ಲೂ ತಪ್ಪಿಲ್ಲ, ಆದರೂ ವರದಿಗಳು ಒಂದಕ್ಕೊಂದು ವಿರುದ್ಧ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದವರಿಗೆ ಮಾತ್ರ ನಿಜ ಸಿಗುತ್ತದೆ: ಬಾಲ ಇದೆ, ತಲೆ ಇಲ್ಲ, ಆದ್ದರಿಂದ ಇದು ಮೊಟಕು ರೂಪ. ತಲೆಯನ್ನು ಮಾತ್ರ ಹಿಡಿಯುವ ಪ್ರತಿಕಾಯದ ಈ ಮೌನವನ್ನೇ ರೋಗನಿದಾನಕ್ಕೆ ಬಳಸಿಕೊಳ್ಳುವ ವಿಧಾನವೂ ಬಂದಿದೆ; ಮೆಗಾಕಾರಿಯೋಸೈಟ್‌ಗಳಲ್ಲಿ ಪೂರ್ಣ ಗಾಟಾ-1 ಕಾಣದೆಹೋಗುವುದು ಡೌನ್ ಸಿಂಡ್ರೋಮ್‌ನ ರಕ್ತರೋಗದ ಗುರುತೆಂದು ರೋಗಶಾಸ್ತ್ರಜ್ಞರು ಓದುತ್ತಾರೆ. ಡೌನ್ ಸಿಂಡ್ರೋಮ್‌ಗೆ ಸಂಬಂಧಿಸಿದ ಈ ರಕ್ತಕ್ಯಾನ್ಸರ್ ಔಷಧಕ್ಕೆ ಚೆನ್ನಾಗಿ ಬಗ್ಗುವಂಥದ್ದು, ಚಿಕಿತ್ಸೆಯ ತೀವ್ರತೆಯನ್ನೂ ಅದಕ್ಕೆ ತಕ್ಕಂತೆ ತಗ್ಗಿಸುತ್ತಾರೆ. ಪ್ರತಿಕಾಯ ಯಾವ ತುದಿಯನ್ನು ಹಿಡಿಯುತ್ತದೆಂದು ಗೊತ್ತಿಲ್ಲದೆ ಈ ಓದು ಸಾಧ್ಯವೇ ಇಲ್ಲ. ಜೀನನ್ನೇ ನೇರವಾಗಿ ಓದುವ ಕಾಲದಲ್ಲಿ ಪ್ರತಿಕಾಯ ಯಾಕೆ ಬೇಕು ಎನ್ನುವವರಿದ್ದಾರೆ. ಡಿಎನ್‌ಎ ಓದಿದರೆ ಬದಲಾವಣೆ ಗೊತ್ತಾಗುತ್ತದೆ, ನಿಜ. ಯಾವ ಕೋಶದಲ್ಲಿ ಯಾವ ಪ್ರೋಟೀನು ನಿಜವಾಗಿ ತಯಾರಾಗಿದೆ ಎಂಬುದನ್ನು ಅದು ಹೇಳುವುದಿಲ್ಲ.

ಇನ್ನೊಂದು ತೊಡಕು ಗಾಟಾ ಕುಟುಂಬದ ಒಳಗಿನದು. ಸಸ್ತನಿಗಳಲ್ಲಿ ಒಟ್ಟು ಆರು ಗಾಟಾ ಪ್ರೋಟೀನುಗಳಿವೆ. ಡಿಎನ್‌ಎ ಹಿಡಿಯುವ ಭಾಗದಲ್ಲಿ ಅವು ಅಣ್ಣತಮ್ಮಂದಿರಷ್ಟು ಹೋಲುತ್ತವೆ. ರಕ್ತದ ಮೂಲಕೋಶಗಳಲ್ಲಿ ಗಾಟಾ-2 ಇರುತ್ತದೆ. ಕೋಶ ಕೆಂಪು ರಕ್ತಕಣದ ದಾರಿ ಹಿಡಿದಂತೆ ಗಾಟಾ-2 ಇಳಿದು ಗಾಟಾ-1 ಏರುತ್ತದೆ. ಟಿ ಕೋಶಗಳಲ್ಲಿರುವುದು ಗಾಟಾ-3. ಹೋಲುವ ಭಾಗದ ವಿರುದ್ಧ ತಯಾರಿಸಿದ ಪ್ರತಿಕಾಯ ಒಂದರ ಬದಲು ಇನ್ನೊಂದನ್ನು ಹಿಡಿದರೆ ಈ ಏರಿಳಿತದ ಕಥೆಯೇ ತಲೆಕೆಳಗಾಗುತ್ತದೆ. ಹಾಗೆಂದು ಅನಿರೀಕ್ಷಿತ ಜಾಗದಲ್ಲಿ ಕಂಡ ಗುರುತೆಲ್ಲ ಸುಳ್ಳೂ ಅಲ್ಲ. ರಕ್ತಕ್ಕೆ ಸಂಬಂಧವೇ ಇಲ್ಲದ ವೃಷಣದಲ್ಲೂ ಗಾಟಾ-1 ಹೇರಳವಾಗಿದೆ ಎಂದು ಇಲಿಗಳ ಮೇಲಿನ ಅಧ್ಯಯನ 1993ರಲ್ಲಿ ತೋರಿಸಿತು, ಅದು ನಿಜವೆಂದು ಮುಂದೆ ಸ್ಥಿರಪಟ್ಟಿತು. ಅನಿರೀಕ್ಷಿತ ಗುರುತು ಹೊಸ ಸತ್ಯವೋ ಪ್ರತಿಕಾಯದ ತಪ್ಪೋ ಎಂದು ಬಿಡಿಸಲು ಊಹೆಗಿಂತ ಗಟ್ಟಿಯಾದ ದಾರಿ ಬೇಕು. ಜೀನನ್ನು ತೆಗೆದುಹಾಕಿದ ಕೋಶದಲ್ಲೂ ಅದೇ ಗುರುತು ಉಳಿಯುತ್ತದೆಯೇ ನೋಡುವುದು ಆ ದಾರಿ. ಗಾಟಾ-1ರ ಮಟ್ಟಿಗೆ ಇದಕ್ಕೆ ಬೇಕಾದ ಸಾಧನ 1997ರಿಂದಲೇ ಇದೆ. ಆರ್ಕಿನ್ ಪ್ರಯೋಗಾಲಯದಲ್ಲಿ ಬೆಳೆಸಿದ ಜಿ1ಇ ಎಂಬ ಇಲಿಯ ಕೋಶಸಾಲಿನಲ್ಲಿ ಗಾಟಾ-1 ಇಲ್ಲ. ಅದು ಕೆಂಪು ರಕ್ತಕಣವಾಗುವ ಹಾದಿಯಲ್ಲಿ ಅರ್ಧಕ್ಕೇ ನಿಂತಿರುತ್ತದೆ, ಹೊರಗಿನಿಂದ ಗಾಟಾ-1 ಕೊಟ್ಟರೆ ಮತ್ತೆ ಮುಂದುವರಿಯುತ್ತದೆ. ಇಂಥ ಕೋಶ ಕೈಯಳತೆಯಲ್ಲಿರುವಾಗ ಪ್ರತಿಕಾಯವನ್ನು ಅದರಲ್ಲಿ ಒಮ್ಮೆಯೂ ನೋಡದೆ ಬಳಸುವುದಕ್ಕೆ ಸಮರ್ಥನೆ ಇಲ್ಲ.

ಪರೀಕ್ಷೆ ತಪ್ಪಿಸಿದರೆ ಏನಾಗುತ್ತದೆ ಎಂಬುದಕ್ಕೆ ಗಾಟಾ-1ರ ನೆರೆಯಲ್ಲೇ ಉದಾಹರಣೆ ಇದೆ. ಗಾಟಾ-1 ನಡೆಸುವ ಜೀನುಗಳಲ್ಲಿ, ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹಿಡಿಯುವ ಗ್ರಾಹಕದ್ದೂ ಒಂದು. ಮೂತ್ರಪಿಂಡದ ರೋಗಿಗಳಿಗೆ, ಕೀಮೊಥೆರಪಿಯಿಂದ ರಕ್ತ ಇಳಿದವರಿಗೆ ಎರಿಥ್ರೊಪೊಯೆಟಿನ್ ಚುಚ್ಚುಮದ್ದು ಕೊಡುವುದು ರೂಢಿ. ಅದರ ಗ್ರಾಹಕ ಕ್ಯಾನ್ಸರ್ ಗೆಡ್ಡೆಗಳ ಮೇಲೂ ಇದೆ ಎಂದು ಅನೇಕ ಪ್ರಬಂಧಗಳು ಪ್ರತಿಕಾಯದ ಆಧಾರದಲ್ಲಿ ಹೇಳಿದ್ದವು. ರಕ್ತ ಹೆಚ್ಚಿಸಲು ಕೊಟ್ಟ ಮದ್ದು ಗೆಡ್ಡೆಯನ್ನೂ ಬೆಳೆಸೀತೆಂಬ ಭಯ ಸಣ್ಣದಲ್ಲ. 2006ರಲ್ಲಿ ‘ಬ್ಲಡ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಆ ಪ್ರತಿಕಾಯಗಳನ್ನೇ ಪರೀಕ್ಷೆಗೆ ಒಡ್ಡಿತು. ಬಹುವಾಗಿ ಬಳಸುತ್ತಿದ್ದ ಒಂದು ಪ್ರತಿಕಾಯ 66 ಸಾವಿರ ಡಾಲ್ಟನ್ ತೂಕದಲ್ಲಿ ತೋರಿಸುತ್ತಿದ್ದ ಪಟ್ಟಿ ಗ್ರಾಹಕದ್ದಾಗಿರಲೇ ಇಲ್ಲ. ಅದು ಬಿಸಿ, ಒತ್ತಡಗಳಿಗೆ ಕೋಶ ತಯಾರಿಸುವ ಎಚ್‌ಎಸ್‌ಪಿ-70 ಎಂಬ ಬೇರೊಂದು ಪ್ರೋಟೀನು. ನಿಜವಾದ ಗ್ರಾಹಕದ ತೂಕ ಸುಮಾರು 59 ಸಾವಿರ ಡಾಲ್ಟನ್. ಅಂಗಾಂಶದ ಚೂರಿಗೆ ಬಣ್ಣ ಹಚ್ಚಲು ಅವರು ಪರೀಕ್ಷಿಸಿದ ಯಾವ ಪ್ರತಿಕಾಯವೂ ತಕ್ಕದ್ದಾಗಿರಲಿಲ್ಲ. ಈ ಅಧ್ಯಯನ ಮಾಡಿದವರು ಎರಿಥ್ರೊಪೊಯೆಟಿನ್ ಮಾರುವ ಆಮ್ಜೆನ್ ಕಂಪನಿಯವರು, ಗೆಡ್ಡೆಯಲ್ಲಿ ಗ್ರಾಹಕ ಇಲ್ಲವೆಂದಾದರೆ ಲಾಭ ಅವರಿಗೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಹಿತಾಸಕ್ತಿ ಇದ್ದವರ ಮಾತನ್ನು ಅನುಮಾನದಿಂದ ನೋಡಿದರೂ ಪಟ್ಟಿಯಲ್ಲಿದ್ದ ಪ್ರೋಟೀನು ಯಾವುದೆಂಬ ಗುರುತು ಬದಲಾಗುವುದಿಲ್ಲ. ಅದನ್ನು ಯಾರು ಬೇಕಾದರೂ ಮತ್ತೆ ಮಾಡಿ ನೋಡಬಹುದು. ಮದ್ದಿನಿಂದ ರೋಗಿಗಳಿಗೆ ಅಪಾಯವಿದೆಯೇ ಎಂಬುದು ಬೇರೆ ಪ್ರಶ್ನೆ, ಅದಕ್ಕೆ ಉತ್ತರ ಕೊಡಬೇಕಾದದ್ದು ರೋಗಿಗಳ ಮೇಲಿನ ಪ್ರಯೋಗಗಳು. ತಪ್ಪು ಪ್ರತಿಕಾಯ ಆ ಪ್ರಶ್ನೆಯನ್ನು ವರ್ಷಗಟ್ಟಲೆ ಗೋಜಲು ಮಾಡಿತು ಎಂಬುದಷ್ಟೇ ಇಲ್ಲಿ ನಮಗೆ ಮುಖ್ಯ.

ಇದು ಎಲ್ಲೋ ಒಂದೆರಡು ಕಡೆ ಆದ ಅಪಘಾತವಲ್ಲ. 2015ರಲ್ಲಿ ಆ್ಯಂಡ್ರೂ ಬ್ರಾಡ್‌ಬರಿ ಮತ್ತು ಆ್ಯಂಡ್ರಿಯಾಸ್ ಪ್ಲುಕ್‌ಥುನ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಲೇಖನಕ್ಕೆ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿದರು. ಕೆಟ್ಟ ಪ್ರತಿಕಾಯಗಳಿಂದ ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 80 ಕೋಟಿ ಡಾಲರ್ ಪೋಲಾಗುತ್ತಿದೆ ಎಂಬುದು ಅವರ ಅಂದಾಜು. ಮಾನೋಕ್ಲೋನಲ್ ಎಂದರೆ ಶುದ್ಧ ಎಂಬ ನಂಬಿಕೆಯೂ ಪೂರ್ತಿ ನಿಲ್ಲಲಿಲ್ಲ: ಹೈಬ್ರಿಡೋಮಾ ಎನ್ನುವ, ಮಾನೋಕ್ಲೋನಲ್ ತಯಾರಿಸುವ 185 ಬೆಸೆದ ಕೋಶಸಾಲುಗಳನ್ನು 2018ರಲ್ಲಿ ಓದಿ ನೋಡಿದಾಗ ಸುಮಾರು ಮೂರನೇ ಒಂದು ಭಾಗದಲ್ಲಿ ಇರಬಾರದ ಹೆಚ್ಚುವರಿ ಪ್ರತಿಕಾಯ ಸರಪಳಿಗಳು ಸಿಕ್ಕವು. ಕೆನಡಾ ಮೂಲದ ವೈಕಾರೋಸ್ ಗುಂಪು 65 ಪ್ರೋಟೀನುಗಳಿಗೆ ಮಾರುಕಟ್ಟೆಯಲ್ಲಿರುವ 614 ಪ್ರತಿಕಾಯಗಳನ್ನು ಜೀನು ತೆಗೆದ ಕೋಶಗಳ ಜೊತೆ ಹೋಲಿಸಿ 2023ರಲ್ಲಿ ವರದಿ ಪ್ರಕಟಿಸಿತು. ಆ ವರದಿಯಲ್ಲಿ ನಿರಾಶೆಯೂ ಇದೆ, ಭರವಸೆಯೂ ಇದೆ. ಗುರಿಯನ್ನು ಗುರುತಿಸಲಾರದ ಪ್ರತಿಕಾಯ ಬಳಸಿ ಪ್ರೋಟೀನೊಂದಕ್ಕೆ ಸರಾಸರಿ ಹನ್ನೆರಡು ಪ್ರಬಂಧಗಳು ಬಂದಿದ್ದವು. ಇನ್ನೊಂದೆಡೆ, ಅರ್ಧಕ್ಕಿಂತ ಹೆಚ್ಚು ಪ್ರೋಟೀನುಗಳಿಗೆ ಕನಿಷ್ಠ ಒಂದಾದರೂ ಚೆನ್ನಾಗಿ ಕೆಲಸ ಮಾಡುವ ಪ್ರತಿಕಾಯ ಇದ್ದೇ ಇತ್ತು, ರಿಕಾಂಬಿನೆಂಟ್‌ಗಳು ಉಳಿದವನ್ನು ಮೀರಿಸಿದ್ದವು. ಒಳ್ಳೆಯ ಸರಕು ಅಂಗಡಿಯಲ್ಲಿದೆ. ಕೊಳ್ಳುವವರಿಗೆ ಅದು ಯಾವುದೆಂದು ತಿಳಿಯುವ ದಾರಿ ಇರಲಿಲ್ಲ.

ಇಲ್ಲಿ ಬಲವಾದ ಪ್ರತಿವಾದವೊಂದನ್ನು ಎದುರಿಸಬೇಕು. ಇಷ್ಟೆಲ್ಲ ದೋಷಗಳಿದ್ದರೂ ಗಾಟಾ-1 ಕ್ಷೇತ್ರ ಅದ್ಭುತ ಸಾಧನೆ ಮಾಡಿದೆಯಲ್ಲ, ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆಯಲ್ಲ ಎಂಬುದು ಆ ವಾದ. ಸಾಧನೆ ನಿಜ, ಅದನ್ನು ಮನಸ್ಸು ತುಂಬಿ ಒಪ್ಪಬೇಕು. ಹುಟ್ಟಿದ ಮೇಲೆ ಭ್ರೂಣದ ಹಿಮೋಗ್ಲೋಬಿನ್ನನ್ನು ತಡೆಯುವುದು ಬಿಸಿಎಲ್11ಎ ಎಂಬ ಇನ್ನೊಂದು ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್. ಅದರ ಜೀನಿನೊಳಗೆ, ರಕ್ತದಲ್ಲಿ ಮಾತ್ರ ಕೆಲಸ ಮಾಡುವ ಒಂದು ನಿಯಂತ್ರಕ ತುಣುಕಿದೆಯೆಂದು 2013ರಲ್ಲಿ ಡೇನಿಯಲ್ ಬಾವರ್, ಆರ್ಕಿನ್ ಮತ್ತು ಸಂಗಡಿಗರು ತೋರಿಸಿದರು. ಗಾಟಾ-1 ಅಲ್ಲಿ ಕೂರುತ್ತದೆಂದು ತಿಳಿದದ್ದು ಪ್ರತಿಕಾಯದಿಂದ ಹಿಡಿದೆಳೆಯುವ ಚಿಪ್ ವಿಧಾನದಿಂದ. ಆ ತುಣುಕಿನಲ್ಲಿ ಗಾಟಾ-1 ಕೂರುವ ಜಾಗವನ್ನು ಕತ್ತರಿಸಿ, ಭ್ರೂಣದ ಹಿಮೋಗ್ಲೋಬಿನ್ ಮತ್ತೆ ತಯಾರಾಗುವಂತೆ ಮಾಡುವುದೇ ಇಂದಿನ ಕ್ಯಾಸ್ಜೆವಿ ಚಿಕಿತ್ಸೆ. ಜೀನನ್ನು ಕತ್ತರಿಸಿ ತಿದ್ದುವ ಕ್ರಿಸ್ಪರ್ ತಂತ್ರದ ಚಿಕಿತ್ಸೆಗಳಲ್ಲಿ ಮೊದಲ ಅನುಮತಿ ಸಿಕ್ಕಿದ್ದು ಇದಕ್ಕೆ: 2023ರ ನವೆಂಬರಿನಲ್ಲಿ ಬ್ರಿಟನ್ನಿನಲ್ಲಿ, ಡಿಸೆಂಬರಿನಲ್ಲಿ ಅಮೆರಿಕದಲ್ಲಿ. ಕುಡಗೋಲು ಕಣ ರೋಗಕ್ಕೂ ಬೀಟಾ ಥಲಸ್ಸೀಮಿಯಾಕ್ಕೂ ಇದನ್ನು ಕೊಡುತ್ತಾರೆ. ನಮಗೂ ಇದು ದೂರದ ಸುದ್ದಿಯಲ್ಲ; ಭಾರತದಲ್ಲಿ ಕುಡಗೋಲು ಕಣವನ್ನು 1952ರಲ್ಲಿ ಮೊದಲು ವರದಿ ಮಾಡಿದ್ದು ನೀಲಗಿರಿಯ ಬುಡಕಟ್ಟುಗಳಲ್ಲಿ, 2023ರಲ್ಲಿ ಶುರುವಾದ ರಾಷ್ಟ್ರೀಯ ಕುಡಗೋಲು ಕಣ ರಕ್ತಹೀನತೆ ನಿರ್ಮೂಲನ ಅಭಿಯಾನದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. 22 ಲಕ್ಷ ಡಾಲರ್ ಬೆಲೆಯ ಆ ಚಿಕಿತ್ಸೆ ಸೋಲಿಗರ ಪೋಡಿಗೋ ಜೇನುಕುರುಬರ ಹಾಡಿಗೋ ಬರುವುದು ಯಾವಾಗ ಎಂಬ ಪ್ರಶ್ನೆಯನ್ನು ಇಲ್ಲಿ ಬಿಡಿಸಲಾಗದು.

ಈ ಯಶಸ್ಸು ನನ್ನ ವಾದವನ್ನು ಅಲ್ಲಗಳೆಯುವುದಿಲ್ಲ, ಗಟ್ಟಿಮಾಡುತ್ತದೆ. ಬಾವರ್ ಮತ್ತು ಸಂಗಡಿಗರು ಪ್ರತಿಕಾಯದ ಗುರುತನ್ನು ಮಾತ್ರ ನಂಬಿ ನಿಲ್ಲಲಿಲ್ಲ. ಆ ತುಣುಕನ್ನೇ ಕೋಶದಿಂದ ತೆಗೆದು ಬಿಸಿಎಲ್11ಎ ಇಳಿಯುತ್ತದೆಯೇ, ಭ್ರೂಣದ ಹಿಮೋಗ್ಲೋಬಿನ್ ಏರುತ್ತದೆಯೇ ನೋಡಿದರು. ಗಾಟಾ-1 ಕ್ಷೇತ್ರ ಮೊದಲಿನಿಂದಲೂ ಹೀಗೆ ನಡೆದುಬಂದಿದೆ: ಜೀನು ಕಿತ್ತ ಇಲಿ, ಜೀನು ಕಿತ್ತ ಕೋಶ, ತುದಿ ಗೊತ್ತಿರುವ ಎರಡು ಪ್ರತಿಕಾಯ. ವಿಜ್ಞಾನ ತಾನಾಗಿ ತಿದ್ದಿಕೊಳ್ಳುವುದಿಲ್ಲ. ತಿದ್ದುವ ಪರೀಕ್ಷೆಯನ್ನು ಯಾರಾದರೂ ಕೈಯಾರೆ ಮಾಡಬೇಕು. ಹಾಗೆ ಮಾಡದಿದ್ದ ಎರಿಥ್ರೊಪೊಯೆಟಿನ್ ಗ್ರಾಹಕದ ವಿಷಯದಲ್ಲಿ ತಿದ್ದುಪಡಿ ಬರಲು ವರ್ಷಗಳು ಹಿಡಿದವು.

ಎರಡನೆಯ ಆಕ್ಷೇಪ ಖರ್ಚಿನದು, ನಮ್ಮಲ್ಲಿ ಇದರ ತೂಕ ಹೆಚ್ಚು. ವಿದೇಶದಿಂದ ತಣ್ಣಗಿನ ಪೆಟ್ಟಿಗೆಯಲ್ಲಿ ತರಿಸಿದ ಪ್ರತಿಕಾಯದ ಎರಡು ಹನಿಯಲ್ಲಿ ಅರ್ಧ ಹನಿಯನ್ನು ಪರೀಕ್ಷೆಗೇ ಕಳೆದರೆ ಪ್ರಯೋಗಕ್ಕೆ ಉಳಿಯುವುದೆಷ್ಟು ಎಂದು ಸಣ್ಣ ಕಾಲೇಜಿನ ಸಂಶೋಧಕರು ಕೇಳುವುದು ಸಹಜ. ಆದರೆ ವೆಸ್ಟರ್ನ್ ಬ್ಲಾಟಿಗೆ ಪ್ರತಿಕಾಯವನ್ನು ಸಾವಿರ ಪಾಲು ತೆಳ್ಳಗೆ ಮಾಡಿ ಬಳಸುತ್ತಾರೆ. ಪರೀಕ್ಷೆಗೆ ಬೇಕಾಗುವುದು ಕೆಲವೇ ಮೈಕ್ರೊಲೀಟರ್. ಜೀನು ತೆಗೆದ ಕೋಶ ಸಿಗದಿದ್ದರೂ ದಾರಿಯಿದೆ. ಗಾಟಾ-1 ತುಂಬಿರುವ ಕೆ562 ಎಂಬ ರಕ್ತಕ್ಯಾನ್ಸರ್ ಕೋಶಸಾಲಿನ ಪಕ್ಕದಲ್ಲಿ, ಗಾಟಾ-3 ಇದ್ದು ಗಾಟಾ-1 ಇಲ್ಲದ ಟಿ ಕೋಶಸಾಲೊಂದನ್ನು ಇಟ್ಟು ಒಂದೇ ಬ್ಲಾಟಿನಲ್ಲಿ ನೋಡಿದರೆ ದೊಡ್ಡ ತಪ್ಪುಗಳು ಅಲ್ಲೇ ಸಿಕ್ಕಿಬೀಳುತ್ತವೆ. ಈ ಎರಡೂ ಬಗೆಯ ಕೋಶಗಳು ನಮ್ಮ ದೇಶದ ಪ್ರಯೋಗಾಲಯಗಳಲ್ಲಿ ಅಪರೂಪವಲ್ಲ. ಜೀನು ತೆಗೆದರೆ ಕೋಶವೇ ಸಾಯುವಂಥ ಪ್ರೋಟೀನುಗಳ ಕಥೆ ಏನು ಎಂಬ ತಾಂತ್ರಿಕ ಆಕ್ಷೇಪಕ್ಕೂ ಇದೇ ಉತ್ತರ: ಪೂರ್ತಿ ತೆಗೆಯಲಾಗದಿದ್ದರೆ ಅದರ ಪ್ರಮಾಣವನ್ನು ತಾತ್ಕಾಲಿಕವಾಗಿ ಇಳಿಸಿ, ಗುರುತೂ ಅದಕ್ಕೆ ತಕ್ಕಂತೆ ಇಳಿಯುತ್ತದೆಯೇ ನೋಡುವುದು.

ಮಾರುವ ಕಂಪನಿಯೇ ಪರೀಕ್ಷಿಸಿ ಕೊಡುತ್ತದಲ್ಲ ಎಂಬುದು ಮೂರನೆಯದು. ಕೆಲವು ಕಂಪನಿಗಳು ಶ್ರದ್ಧೆಯಿಂದ ಪರೀಕ್ಷಿಸುತ್ತವೆ. ವೈಕಾರೋಸ್ ವರದಿ ನೋಡಿ ಹಲವು ತಯಾರಕರು ತಮ್ಮ ಕೆಟ್ಟ ಸರಕನ್ನು ಹಿಂತೆಗೆದುಕೊಂಡರು, ಇನ್ನು ಕೆಲವಕ್ಕೆ ಬಳಕೆಯ ಸೂಚನೆ ಬದಲಿಸಿದರು. ಇದನ್ನು ಮೆಚ್ಚಬೇಕು. ಆದರೆ ಹೊರಗಿನವರು ಪರೀಕ್ಷಿಸಿದ ಮೇಲೆ ಅವರು ಎಚ್ಚೆತ್ತರು ಎಂಬುದನ್ನೂ ಗಮನಿಸಬೇಕು. ಪಾಲಿಕ್ಲೋನಲ್‌ಗಳ ವಿಷಯದಲ್ಲಂತೂ ಕಂಪನಿ ಒಳ್ಳೆಯದೆಂದರೂ ಸಾಲದು, ಪ್ರತಿ ಪ್ರಾಣಿಯ ಪ್ರತಿಕಾಯ ಮಿಶ್ರಣವೂ ಬೇರೆ, ಆ ಪ್ರಾಣಿ ಸತ್ತರೆ ಆ ಮಿಶ್ರಣ ಮತ್ತೆ ಸಿಗದು. ಗಾಟಾ-1ರ ಬಾಲ ಹಿಡಿಯುತ್ತಿದ್ದ ಬಹುಬಳಕೆಯ ಸಿ-20 ಮೇಕೆಯ ರಕ್ತದಿಂದ ಬರುತ್ತಿತ್ತು. ಅದನ್ನು ತಯಾರಿಸುತ್ತಿದ್ದ ಸಾಂತಾ ಕ್ರೂಜ್ ಬಯೋಟೆಕ್ನಾಲಜಿ ಪ್ರಾಣಿಗಳ ಪಾಲನೆಯ ವಿಚಾರದಲ್ಲಿ ಅಮೆರಿಕದ ಕೃಷಿ ಇಲಾಖೆಯೊಂದಿಗೆ 2016ರಲ್ಲಿ ರಾಜಿಗೆ ಬಂದು, 35 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು, ಪರವಾನಗಿಯನ್ನೂ ಕಳೆದುಕೊಂಡಿತು. ಮೇಕೆ, ಮೊಲಗಳಿಂದ ತೆಗೆಯುತ್ತಿದ್ದ ಅದರ ಪ್ರತಿಕಾಯಗಳನ್ನು ನೆಚ್ಚಿಕೊಂಡು ಬರೆದ ಪ್ರಬಂಧಗಳನ್ನು ಅದೇ ಪ್ರತಿಕಾಯದಿಂದ ಮರುಪರೀಕ್ಷಿಸುವುದು ಈಗ ಕಷ್ಟ. ಪಾಲಿಕ್ಲೋನಲ್‌ಗಳು ಪ್ರೋಟೀನಿನ ಹಲವು ಭಾಗಗಳನ್ನು ಒಟ್ಟಿಗೆ ಹಿಡಿಯುವುದರಿಂದ ಅವುಗಳ ಗುರುತು ಪ್ರಖರ ಎಂಬ ಮಾತು ಸರಿ. ಒಂದಕ್ಕಿಂತ ಹೆಚ್ಚು ರಿಕಾಂಬಿನೆಂಟ್‌ಗಳನ್ನು ಬೆರೆಸಿದರೆ ಆ ಪ್ರಖರತೆಯೂ ಸಿಗುತ್ತದೆ. ಅಕ್ಷರಸಾಲು ಬಹಿರಂಗವಾಗಿರುವ ಪ್ರತಿಕಾಯವನ್ನು ಐವತ್ತು ವರ್ಷದ ನಂತರವೂ ತಯಾರಿಸಬಹುದು, ಅದಕ್ಕಾಗಿ ಪ್ರಾಣಿಯ ರಕ್ತ ಹರಿಸಬೇಕಿಲ್ಲ.

ಊರಿನ ದಿನಸಿ ಅಂಗಡಿಯ ತಕ್ಕಡಿಗೂ ಸರ್ಕಾರದ ಮುದ್ರೆ ಬಿದ್ದಿರಬೇಕು ಎಂಬ ಕಾನೂನು ನಮ್ಮಲ್ಲಿದೆ. ಮಗುವಿನ ರಕ್ತಕ್ಯಾನ್ಸರಿನ ಬಗೆಯನ್ನು ಹೇಳುವ ಸಾಧನಕ್ಕೆ ಅಷ್ಟಾದರೂ ಕಟ್ಟಳೆ ಬೇಡವೇ? ಮಾದರಿಗಳು ಎದುರಿಗೇ ಇವೆ. ಮನುಷ್ಯನ ಡಿಎನ್‌ಎಯ ಕೆಲಸ ಮಾಡುವ ಭಾಗಗಳನ್ನು ಪಟ್ಟಿಮಾಡುವ ಎನ್‌ಕೋಡ್ ಯೋಜನೆ 2012ರಲ್ಲೇ, ಬ್ಲಾಟಿನ ಒಟ್ಟು ಗುರುತಿನಲ್ಲಿ ಕನಿಷ್ಠ ಅರ್ಧ ಮುಖ್ಯ ಪಟ್ಟಿಯಲ್ಲಿರಬೇಕು, ಜೊತೆಗೆ ಎರಡನೆಯ ಪರೀಕ್ಷೆಯೂ ಆಗಬೇಕು ಎಂದು ನಿಯಮ ಮಾಡಿತು. ಪ್ರತಿಕಾಯವನ್ನು ಐದು ಬೇರೆಬೇರೆ ದಾರಿಗಳಿಂದ ಪರೀಕ್ಷಿಸುವ ಕ್ರಮವನ್ನು ವಿಜ್ಞಾನಿಗಳ ಅಂತರರಾಷ್ಟ್ರೀಯ ಗುಂಪೊಂದು 2016ರಲ್ಲಿ ಮುಂದಿಟ್ಟಿತು. ಸಂಶೋಧನೆಗೆ ಸಾರ್ವಜನಿಕ ಹಣ ಕೊಡುವ ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗಳು ಮೂರು ಷರತ್ತು ಹಾಕಲಿ: ಪ್ರಬಂಧದಲ್ಲಿ ಪ್ರತಿಕಾಯದ ಕ್ಲೋನ್ ಮತ್ತು ಬ್ಯಾಚ್ ಸಂಖ್ಯೆ ಇರಬೇಕು, ಅದು ಪ್ರೋಟೀನಿನ ಯಾವ ಭಾಗವನ್ನು ಹಿಡಿಯುತ್ತದೆಂದು ಬರೆದಿರಬೇಕು, ಆ ಪ್ರೋಟೀನು ಇಲ್ಲದ ಕೋಶದ ಬ್ಲಾಟನ್ನು ಕತ್ತರಿಸದೆ ಪೂರ್ತಿ ತೋರಿಸಬೇಕು. ಈ ಪರೀಕ್ಷೆಗೆ ಬೇಕಾದ ಹಣ ಮತ್ತು ಸಮಯವನ್ನು ಅನುದಾನದಲ್ಲೇ ಬೇರೆಯಾಗಿ ಕೊಡಲಿ. ಪಿಎಚ್‌ಡಿ ಮಾಡುತ್ತಿರುವ ವಿದ್ಯಾರ್ಥಿಗಳಿಗೂ ಒಂದು ಮಾತು: ಹೊಸ ನಳಿಕೆ ಬಂದ ವಾರವೇ, ಮುಖ್ಯ ಪ್ರಯೋಗಕ್ಕೆ ಕೈಹಾಕುವ ಮೊದಲು, ಗಾಟಾ-1 ಇರುವ ಮತ್ತು ಇಲ್ಲದ ಕೋಶಗಳನ್ನು ಅಕ್ಕಪಕ್ಕ ಇಟ್ಟು ಒಂದು ಬ್ಲಾಟ್ ಮಾಡಿ. ನಿಮ್ಮ ಗೈಡ್ ಅದನ್ನು ಕೇಳದಿದ್ದರೂ ಮಾಡಿ, ಪ್ರಬಂಧದ ಮೊದಲ ಚಿತ್ರಗಳ ಸಾಲಿನಲ್ಲೇ ಅದನ್ನು ಹಾಕಿ.